ಹೊನ್ನೆ ಲೋಟ, ಹಾಗಲ ರಸ ಮತ್ತು ಶುಗರ್ ಮಾತ್ರೆ

ನಮ್ಮ ದೊಡ್ಡಪ್ಪನ ಅಡುಗೆಮನೆ ಕಟ್ಟೆ ಮೇಲೆ ಒಂದು ಮರದ ಲೋಟ ಇದೆ. ಹೊನ್ನೆ ಮರದ್ದು, ಕೃಷಿ ಮೇಳದಲ್ಲಿ ಕೊಂಡು ತಂದದ್ದು. ರಾತ್ರಿ ನೀರು ತುಂಬಿಟ್ಟರೆ ಬೆಳಗ್ಗೆ ಹೊತ್ತಿಗೆ ಕಡು ಟೀ ಬಣ್ಣ, ಕುಡಿದರೆ ನಾಲಿಗೆಯೆಲ್ಲ ಒಗರು. ಅದಾದ ಮೇಲೆ ಹಾಗಲಕಾಯಿ ರಸ, ಹಿತ್ತಲಿನ ಇನ್ಸುಲಿನ್ ಗಿಡದ ಎರಡು ಎಲೆ, ರಾತ್ರಿ ನೆನೆಸಿದ ಒಂದು ಚಮಚ ಮೆಂತ್ಯ. ಇಷ್ಟೆಲ್ಲದರ ಜೊತೆ ಶುಗರ್ ಇಳಿಸಲು ಡಾಕ್ಟರ್ ಬರೆದುಕೊಟ್ಟ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಮಾತ್ರೆ.

ಹೋದ ವರ್ಷ ಒಂದು ಬೆಳಗ್ಗೆ ವಾಕಿಂಗ್ ಹೋದವರು ಅರ್ಧ ದಾರಿಯಲ್ಲೇ ಕೂತುಬಿಟ್ಟರು. ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲು. ಮನೆಗೆ ಕರೆತಂದು ನೋಡಿದರೆ ಶುಗರ್ 54ಕ್ಕೆ ಇಳಿದುಬಿಟ್ಟಿತ್ತು. ಸಕ್ಕರೆ ನೀರು ಕುಡಿಸಿದ ಮೇಲೆ ಸರಿಹೋದರು ಅನ್ನಿ. ಸಂಜೆ ಡಾಕ್ಟರ್ "ಮಾತ್ರೆ ಬಿಟ್ಟು ಬೇರೆ ಏನಾದ್ರೂ ತಗೊಳ್ತೀರಾ?" ಅಂತ ಕೇಳಿದರು. ದೊಡ್ಡಪ್ಪ ಒಂದು ಕ್ಷಣವೂ ಯೋಚಿಸದೆ "ಏನೂ ಇಲ್ಲ ಸಾರ್" ಅಂದರು. ಅವರು ಸುಳ್ಳು ಹೇಳಲಿಲ್ಲ. ಅವರ ಲೆಕ್ಕದಲ್ಲಿ ಹಾಗಲ ರಸ ಔಷಧಿಯೇ ಅಲ್ಲ.

ಆದರೆ ಅದನ್ನು ಕುಡಿಯುವುದು ಮಾತ್ರ ಶುಗರ್ ಇಳಿಯುತ್ತದೆ ಅಂತ! ಸೊಪ್ಪುಸದೆಗಳ ವಿಷಯದಲ್ಲಿ ನಮ್ಮಲ್ಲಿ ಬಹಳ ಜನರದ್ದು ಇದೇ ಎರಡು ನಾಲಿಗೆ. ಕೆಲಸ ಮಾಡುತ್ತದೆ ಅಂತಲೂ ನಂಬುತ್ತೇವೆ, ಏನೂ ಮಾಡಲ್ಲ ಅಂತಲೂ ನಂಬುತ್ತೇವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10 ಕೋಟಿಗೂ ಜಾಸ್ತಿ. ಅವರಲ್ಲಿ ಎಷ್ಟೋ ಜನರ ಮನೆಯಲ್ಲಿ ಇಂಥದ್ದೊಂದು ಲೋಟವೋ ಡಬ್ಬಿಯೋ ಇದ್ದೇ ಇರುತ್ತದೆ.

ಗಿಡದಲ್ಲಿ ಶುಗರ್ ಇಳಿಸುವ ಶಕ್ತಿ ಇರುತ್ತದಾ ಅಂದರೆ, ಧಾರಾಳವಾಗಿ ಇರುತ್ತದೆ. ದೊಡ್ಡಪ್ಪ ನುಂಗುವ ಮೆಟ್‌ಫಾರ್ಮಿನ್ ಮಾತ್ರೆಯ ಮೂಲ ಹುಡುಕುತ್ತಾ ಹೋದರೆ ಸಿಗುವುದು ಯುರೋಪಿನ ಒಂದು ಗಿಡ, ಗಲೇಗಾ ಅಫಿಸಿನಾಲಿಸ್. ನೇರಳೆ ಬಣ್ಣದ ಹೂ ಬಿಡುವ, ಅವರೆ-ಹುರುಳಿ ಕುಟುಂಬಕ್ಕೇ ಸೇರಿದ ಗಿಡ. ಅಲ್ಲಿಯ ನಾಟಿ ವೈದ್ಯದಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿತ್ತು. ಮೇವಿಗೆ ಆಗಬಹುದು ಅಂತ ಅಮೆರಿಕಕ್ಕೂ ಒಯ್ದರು, ಆದರೆ ಅದು ಕುರಿಗಳಿಗೆ ವಿಷ ಅಂತ ಗೊತ್ತಾಗಿ ಈಗ ಅಲ್ಲಿ ಅದು ಸರ್ಕಾರದ ಅಪಾಯಕಾರಿ ಕಳೆಗಳ ಪಟ್ಟಿಯಲ್ಲಿದೆ. ಕುರಿಯನ್ನು ಕೊಲ್ಲುವುದೂ ಗಲೆಜಿನ್ ಅನ್ನುವ ವಸ್ತು, ಶುಗರ್ ಇಳಿಸುವುದೂ ಅದೇ ಗಲೆಜಿನ್. ಅದು ಗ್ವಾನಿಡೀನ್ ಅನ್ನುವ ರಾಸಾಯನಿಕಗಳ ಬಳಗದ್ದು. ಗ್ವಾನಿಡೀನ್ ಪ್ರಾಣಿಗಳಲ್ಲಿ ಶುಗರ್ ಇಳಿಸುತ್ತದೆ ಅಂತ 1918ರಲ್ಲಿ ಗೊತ್ತಾಯಿತು, ಆದರೆ ಜೊತೆಗೆ ವಿಷವೂ ಹೌದು. 1922ರಲ್ಲಿ ಡಬ್ಲಿನ್‌ನಲ್ಲಿ ವರ್ನರ್ ಮತ್ತು ಬೆಲ್ ಅನ್ನುವ ಇಬ್ಬರು ರಸಾಯನ ವಿಜ್ಞಾನಿಗಳು ಅದೇ ಬಳಗದ ಇನ್ನೊಂದು ವಸ್ತುವನ್ನು ಲ್ಯಾಬ್‌ನಲ್ಲಿ ತಯಾರಿಸಿದರು. ಅದೇ ಮೆಟ್‌ಫಾರ್ಮಿನ್. ಅಷ್ಟರಲ್ಲಿ ಇನ್ಸುಲಿನ್ ಬಂದಿತ್ತು, ಎಲ್ಲರ ಗಮನ ಆ ಕಡೆ ಹೋಯಿತು, ಇದು ಮೂಲೆಗೆ ಬಿತ್ತು. 1957ರಲ್ಲಿ ಪ್ಯಾರಿಸ್‌ನ ವೈದ್ಯ ಜಾನ್ ಸ್ಟೆರ್ನ್ ಇದನ್ನು ರೋಗಿಗಳಿಗೆ ಕೊಟ್ಟು ಫಲಿತಾಂಶ ಪ್ರಕಟಿಸಿದರು. ಅಮೆರಿಕ ಒಪ್ಪಿಗೆ ಕೊಟ್ಟದ್ದು 1994ರಲ್ಲಿ.

ಆ ಗಿಡದಿಂದ ಈ ಮಾತ್ರೆವರೆಗೆ ಬರುವುದು ಅಂದರೆ ಇಷ್ಟೇ: ಶುಗರ್ ಇಳಿಸುವ ಗುಣ ಉಳಿಯಬೇಕು, ಕುರಿ ಸಾಯಿಸುವ ಗುಣ ಹೋಗಬೇಕು. ಸೇಬಿನ ಕಥೆಯೂ ಹೀಗೇ. ಸೇಬಿನ ಮರದ ತೊಗಟೆಯಿಂದ 1835ರಲ್ಲಿ ಫ್ಲೋರಿಜಿನ್ ಅನ್ನುವ ವಸ್ತು ತೆಗೆದರು. ಅದನ್ನು ಕೊಟ್ಟರೆ ಸಕ್ಕರೆ ಮೂತ್ರದಲ್ಲಿ ಹೊರಗೆ ಹೋಗುತ್ತದೆ ಅಂತ 1886ರಲ್ಲಿ ಗೊತ್ತಾಯಿತು. ಆದರೆ ನುಂಗಿದರೆ ಕರುಳು ಸರಿಯಾಗಿ ಹೀರಿಕೊಳ್ಳಲ್ಲ, ಹೊಟ್ಟೆ ಕೆಡುತ್ತದೆ. ಅದರ ಅಣುವನ್ನು ತಿದ್ದಿ ತೀಡಿ ಮಾಡಿದ ಡಪಾಗ್ಲಿಫ್ಲೋಜಿನ್ ಅನ್ನುವ ಶುಗರ್ ಮಾತ್ರೆ ಯುರೋಪಿನ ಮಾರುಕಟ್ಟೆಗೆ ಬಂದದ್ದು 2012ರಲ್ಲಿ. ಈಗ ನಮ್ಮ ಊರಿನ ಮೆಡಿಕಲ್ ಶಾಪ್‌ನಲ್ಲೂ ಸಿಗುತ್ತದೆ.

ಇನ್ನು ನಮ್ಮ ಅಡುಗೆಮನೆ. ನನ್ನ ಪ್ರಕಾರ ಇಲ್ಲಿ ಮೆಂತ್ಯಕ್ಕೆ ಮೊದಲ ಮಣೆ ಹಾಕಬೇಕು, ಯಾಕಂದರೆ ಅದು ಕೆಲಸ ಮಾಡುವ ರೀತಿ ಕಣ್ಣಿಗೇ ಕಾಣುತ್ತದೆ. ರಾತ್ರಿ ನೆನೆಸಿದ ಮೆಂತ್ಯವನ್ನು ಬೆರಳಲ್ಲಿ ಉಜ್ಜಿ ನೋಡಿ, ಲೋಳೆ ಲೋಳೆ. ಅದು ಗ್ಯಾಲಕ್ಟೋಮ್ಯಾನನ್ ಅನ್ನುವ, ನೀರಲ್ಲಿ ಕರಗುವ ನಾರು. ಹೊಟ್ಟೆಯಲ್ಲಿ ಅದು ಅನ್ನ-ಮುದ್ದೆಯ ಜೊತೆ ಬೆರೆತು ಗಂಜಿ ಹಾಗೆ ಮಂದವಾಗುತ್ತದೆ. ಊಟ ನಿಧಾನವಾಗಿ ಕೆಳಗಿಳಿಯುತ್ತದೆ, ಸಕ್ಕರೆ ಒಂದೇ ಸಲ ರಕ್ತಕ್ಕೆ ನುಗ್ಗುವ ಬದಲು ಸ್ವಲ್ಪ ಸ್ವಲ್ಪವಾಗಿ ಸೇರುತ್ತದೆ. ಕೊಲೆಸ್ಟ್ರಾಲ್ ವಿಷಯದಲ್ಲೂ ಇದೇ ಲೋಳೆಯ ಕೈವಾಡ ಇದೆ. ಕೊಬ್ಬು ಜೀರ್ಣವಾಗಲಿ ಅಂತ ಲಿವರ್ ಕರುಳಿಗೆ ಪಿತ್ತರಸ ಬಿಡುತ್ತದೆ, ಆಮೇಲೆ ಅದರ ಬಹುಪಾಲನ್ನು ವಾಪಸ್ ಹೀರಿಕೊಂಡು ಮತ್ತೆ ಬಳಸುತ್ತದೆ. ನಾರು ಅದನ್ನು ಹಿಡಿದುಕೊಂಡು ಹೊರಗೆ ಸಾಗಿಸಿಬಿಟ್ಟರೆ ಹೊಸ ಪಿತ್ತರಸ ಮಾಡಲೇಬೇಕು, ಅದನ್ನು ಮಾಡಲು ಬೇಕಾದ ಕಚ್ಚಾಮಾಲು ಕೊಲೆಸ್ಟ್ರಾಲ್. ಹಾಗಾಗಿ ಲಿವರ್ ರಕ್ತದಿಂದ ಕೊಲೆಸ್ಟ್ರಾಲ್ ಎಳೆದುಕೊಳ್ಳುತ್ತದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 1990ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಮೆಂತ್ಯ ತಿಂದವರ ಮೂತ್ರದಲ್ಲಿ ಹೋಗುವ ಸಕ್ಕರೆ ಅರ್ಧಕ್ಕಿಂತ ಜಾಸ್ತಿ ಕಡಿಮೆಯಾಯಿತು, ಕೊಲೆಸ್ಟ್ರಾಲೂ ಇಳಿಯಿತು. ಈ ಸುದ್ದಿ ಎಲ್ಲರ ಬಾಯಲ್ಲೂ ಇದೆ, ಪ್ರಮಾಣ ಮಾತ್ರ ಯಾರೂ ಹೇಳಲ್ಲ. ದಿನಕ್ಕೆ 100 ಗ್ರಾಂ! ಅದೂ ಎಣ್ಣೆಯಂಶ ತೆಗೆದ ಪುಡಿ, ಮಧ್ಯಾಹ್ನ ಅರ್ಧ, ರಾತ್ರಿ ಅರ್ಧ. ಒಂದು ಚಮಚ ಮೆಂತ್ಯ ಅಂದರೆ ನಾಲ್ಕೈದು ಗ್ರಾಂ ಅಷ್ಟೇ. ಆಮೇಲೆ ಕಡಿಮೆ ಪ್ರಮಾಣದ ಪ್ರಯೋಗಗಳೂ ನಡೆದಿವೆ, ಒಂದಿಷ್ಟು ಗುಣ ಕಂಡಿದೆ. ಆದರೆ ಒಂದು ಚಮಚ ತಿಂದು 100 ಗ್ರಾಂನ ಫಲ ಎದುರುನೋಡಿದರೆ ಹೇಗೆ ಅಲ್ವಾ?

ಕರಾವಳಿ ಕಡೆ ಸಿಗುವ ಏಕನಾಯಕದ ಬೇರಿನದ್ದು ಬೇರೆ ದಾರಿ. ಅದರಲ್ಲಿರುವ ಸಲಾಸಿನಾಲ್ ಕರುಳಿನಲ್ಲಿ ಪಿಷ್ಟ ಒಡೆಯುವ ಕಿಣ್ವಕ್ಕೇ ಅಡ್ಡ ಕೂರುತ್ತದೆ, ಅಕಾರ್ಬೋಸ್ ಅನ್ನುವ ಶುಗರ್ ಮಾತ್ರೆ ಮಾಡುವ ಕೆಲಸವೇ. ಮಧುನಾಶಿನಿ ಎಲೆ ಜಗಿದು ಆಮೇಲೆ ಸಕ್ಕರೆ ಬಾಯಿಗೆ ಹಾಕಿಕೊಂಡರೆ ಮರಳು ತಿಂದ ಹಾಗಿರುತ್ತದೆ. ಎಲೆಯ ಜಿಮ್ನೆಮಿಕ್ ಆಮ್ಲ ನಾಲಿಗೆಯ ಸಿಹಿ ಗ್ರಾಹಕಗಳನ್ನು ಸ್ವಲ್ಪ ಹೊತ್ತು ಮುಚ್ಚಿಬಿಡುತ್ತದೆ. ನಾಲಿಗೆಗೆ ಸಿಹಿ ಗೊತ್ತಾಗದಿದ್ದರೆ ರಕ್ತಕ್ಕೂ ಗೊತ್ತಾಗಲ್ಲ ಅಂದುಕೊಂಡು ಜಿಲೇಬಿ ತಿಂದರೆ ಮಾತ್ರ ಕೆಟ್ಟಿರಿ. ಇನ್ಸುಲಿನ್ ಗಿಡದಲ್ಲಂತೂ ಹೆಸರಷ್ಟೇ ಇನ್ಸುಲಿನ್. ನಿಜವಾದ ಇನ್ಸುಲಿನ್ ಒಂದು ಪ್ರೋಟೀನು, ನುಂಗಿದರೆ ಬೇಳೆ ಹಾಗೆ ಜೀರ್ಣವಾಗಿ ಹೋಗುತ್ತದೆ, ಅದಕ್ಕೇ ಅಲ್ಲವೇ ಸೂಜಿ ಚುಚ್ಚಿಕೊಳ್ಳುವುದು.

"ಸಂಶೋಧನೆಯಲ್ಲಿ ಸಾಬೀತಾಗಿದೆ" ಅಂತ ಬರುವ ಸುದ್ದಿಗಳಲ್ಲಿ ಬಹುಪಾಲು ಇಲಿಯ ಮೇಲಿನ ಪ್ರಯೋಗ. ಸ್ಟ್ರೆಪ್ಟೊಜೊಟೊಸಿನ್ ಅನ್ನುವ ರಾಸಾಯನಿಕ ಚುಚ್ಚಿ ಇಲಿಯ ಮೇದೋಜೀರಕ ಗ್ರಂಥಿಯ ಇನ್ಸುಲಿನ್ ಕೋಶಗಳನ್ನು ಸಾಯಿಸುತ್ತಾರೆ, ಆಮೇಲೆ ಗಿಡದ ಸಾರ ಕೊಡುತ್ತಾರೆ. ನಮ್ಮ ದೊಡ್ಡಪ್ಪನಿಗೆ ಬಂದದ್ದು ಈ ಥರದ ಕಾಯಿಲೆ ಅಲ್ಲ. ಅವರದ್ದು ವರ್ಷಾನುಗಟ್ಟಲೆ ಕೂತು ತಿಂದು, ವಂಶದಲ್ಲೂ ಇದ್ದು, ನಿಧಾನವಾಗಿ ಬಂದದ್ದು. ಅದು ಹಾಗಿರಲಿ, ಪ್ರಮಾಣದ ಲೆಕ್ಕ ಹಾಕೋಣ. ಇಂಥ ಪ್ರಯೋಗಗಳಲ್ಲಿ ಇಲಿಗೆ ಸಾಮಾನ್ಯವಾಗಿ ಕಿಲೋ ತೂಕಕ್ಕೆ 400 ಮಿಲಿಗ್ರಾಂನಷ್ಟು ಸಾರ ಕೊಡುತ್ತಾರೆ. ಮನುಷ್ಯರಿಗೆ ಹೊಂದಿಸಲು ಅದನ್ನು ಸುಮಾರು 6ರಿಂದ ಭಾಗಿಸುತ್ತಾರೆ. 60 ಕಿಲೋ ತೂಗುವವರಿಗೆ ದಿನಕ್ಕೆ ಸುಮಾರು 4 ಗ್ರಾಂ ಸಾರ ಆಯಿತು. ಒಣ ಎಲೆಯ ಹತ್ತರಲ್ಲಿ ಒಂದು ಪಾಲು ಸಾರ ಸಿಗುತ್ತದೆ ಅಂತ ಇಟ್ಟುಕೊಂಡರೆ 40 ಗ್ರಾಂ ಒಣ ಎಲೆ ಬೇಕು. ಹಸಿ ಎಲೆಯಲ್ಲಿ ಮುಕ್ಕಾಲಿಗಿಂತ ಜಾಸ್ತಿ ನೀರೇ, ಹಾಗಾಗಿ ಹತ್ತಿರ ಹತ್ತಿರ 200 ಗ್ರಾಂ. ದಿನಾ ಒಂದು ದೊಡ್ಡ ಕಟ್ಟು ಸೊಪ್ಪು! ದೊಡ್ಡಪ್ಪ ಜಗಿಯುವುದು ಎರಡೆಲೆ. ಅದೂ ಅಲ್ಲದೆ ಲ್ಯಾಬ್‌ನವರು ಎಷ್ಟೋ ಸಲ ಮೆಥನಾಲ್‌ನಲ್ಲಿ ನೆನೆಸಿ ಸಾರ ತೆಗೆದಿರುತ್ತಾರೆ. ನೀರಿಗೆ ಇಳಿಯುವುದೇ ಬೇರೆ, ಮೆಥನಾಲ್‌ಗೆ ಇಳಿಯುವುದೇ ಬೇರೆ.

ಮನುಷ್ಯರ ಮೇಲೆ ಪ್ರಯೋಗ ಆಗಿಯೇ ಇಲ್ಲ ಅಂತಲ್ಲ. ಹೊನ್ನೆಯನ್ನೇ ತಗೊಳ್ಳಿ. ಐಸಿಎಂಆರ್ ಇದರ ಸಾರವನ್ನು ಹೊಸದಾಗಿ ಶುಗರ್ ಪತ್ತೆಯಾದ 97 ಜನರಿಗೆ 12 ವಾರ ಕೊಟ್ಟು 1998ರಲ್ಲಿ ವರದಿ ಪ್ರಕಟಿಸಿತು. 67 ಜನರಿಗೆ ಹತೋಟಿಗೆ ಬಂತು. ಓದಿದಾಗ ನನಗೂ ಖುಷಿಯಾಯಿತು. ಆದರೆ ಹೋಲಿಸಿ ನೋಡಲು ಹೊನ್ನೆ ಕೊಡದ ಇನ್ನೊಂದು ಗುಂಪು ಅದರಲ್ಲಿ ಇರಲಿಲ್ಲ. ಶುಗರ್ ಇದೆ ಅಂತ ಹೊಸದಾಗಿ ಗೊತ್ತಾದ ಮೊದಲ ಮೂರು ತಿಂಗಳು ಮನುಷ್ಯ ಹೇಗಿರುತ್ತಾನೆ ಅಂತ ಎಲ್ಲರಿಗೂ ಗೊತ್ತು: ಕಾಫಿಗೆ ಸಕ್ಕರೆ ಬಂದ್, ಬೆಳಗ್ಗೆ ವಾಕಿಂಗ್, ಮದುವೆ ಮನೆಯಲ್ಲಿ ಹೋಳಿಗೆ ಬೇಡ. ಇಳಿದ ಶುಗರ್‌ನಲ್ಲಿ ಹೊನ್ನೆಯ ಪಾಲೆಷ್ಟು, ಹೆದರಿಕೆಯ ಪಾಲೆಷ್ಟು? ಇನ್ನು ಲೋಟದ ವಿಷಯ ಬಿಡಿ. ಹೊಸದಿದ್ದಾಗ ಕಡು ಬಣ್ಣ ಬಿಡುತ್ತದೆ, ಹಳೆಯದಾದಂತೆ ತಿಳಿಯಾಗುತ್ತದೆ. ಇವತ್ತು ಎಷ್ಟು ಔಷಧಿ ಕುಡಿದೆ ಅಂತ ಹೇಳೋದು ಹೇಗೆ? ಹಾಗಲಕಾಯಿಯ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟು ಸೇರಿಸಿ 2012ರಲ್ಲಿ ಕೊಕ್ರೇನ್ ಅನ್ನುವ, ವೈದ್ಯಕೀಯ ಪುರಾವೆಗಳನ್ನು ಅಳೆದು ತೂಗುವ ಅಂತಾರಾಷ್ಟ್ರೀಯ ತಂಡ ಪರಿಶೀಲಿಸಿತು. ದೊಡ್ಡಪ್ಪನಿಗಿರುವಂಥ ಟೈಪ್ 2 ಸಕ್ಕರೆ ಕಾಯಿಲೆಗೆ ಇದನ್ನು ಕೊಡಿ ಅನ್ನುವಷ್ಟು ಪುರಾವೆ ಸಿಗಲಿಲ್ಲ.

ಕೊಲೆಸ್ಟ್ರಾಲ್‌ಗೆ ಬೆಳ್ಳುಳ್ಳಿ ಅಂತ ಎಲ್ಲರೂ ಹೇಳುತ್ತಾರಲ್ಲ, ಅದನ್ನು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ನೆಟ್ಟಗೆ ಪರೀಕ್ಷಿಸಿದರು. 192 ಜನ, ಆರು ತಿಂಗಳು. ಕೆಲವರಿಗೆ ಹಸಿ ಬೆಳ್ಳುಳ್ಳಿ, ಕೆಲವರಿಗೆ ಬೆಳ್ಳುಳ್ಳಿ ಮಾತ್ರೆ, ಕೆಲವರಿಗೆ ಬರೀ ಸಪ್ಪೆ ಮಾತ್ರೆ. 2007ರಲ್ಲಿ ಫಲಿತಾಂಶ ಬಂತು. ಕೆಟ್ಟ ಕೊಲೆಸ್ಟ್ರಾಲ್ ಅನ್ನುವ ಎಲ್‌ಡಿಎಲ್‌ನಲ್ಲಿ ಏನೂ ವ್ಯತ್ಯಾಸ ಇಲ್ಲ. ಒಗ್ಗರಣೆಗೆ ಹಾಕಿ, ರುಚಿಗಂತೂ ಮೋಸ ಇಲ್ಲ.

ಈಗ ಡಬ್ಬಿಗಳ ಮೇಲೆ ದಪ್ಪ ಅಕ್ಷರದಲ್ಲಿ ಕಾಣುವ 'ಆಂಟಿಆಕ್ಸಿಡೆಂಟ್'. ನಮ್ಮ ಕೋಶಗಳು ಸಕ್ಕರೆ ಉರಿಸಿ ಶಕ್ತಿ ಮಾಡುವಾಗ ಒಲೆಯಿಂದ ಕಿಡಿ ಹಾರಿದ ಹಾಗೆ ಕೆಲವು ಚುರುಕು ಅಣುಗಳು ಹುಟ್ಟುತ್ತವೆ. ಅವೇ ಫ್ರೀ ರ‍್ಯಾಡಿಕಲ್‌ಗಳು. ರಕ್ತದಲ್ಲಿ ಸಕ್ಕರೆ ಜಾಸ್ತಿ ಇದ್ದರೆ ಕಿಡಿಯೂ ಜಾಸ್ತಿ, ಕಣ್ಣು, ಕಿಡ್ನಿ, ನರಗಳ ಸಣ್ಣ ರಕ್ತನಾಳಗಳು ಕೆಡುವುದರಲ್ಲಿ ಇದರ ಪಾಲೂ ಇದೆ. ಇಷ್ಟು ಸರಿ. ಹಾಗಾದರೆ ಕಿಡಿ ಆರಿಸುವ ವಸ್ತು ತಿಂದರೆ ಮುಗೀತು ಅನ್ನುವುದರಲ್ಲೇ ಎಡವಟ್ಟು ಇರುವುದು. ಗಿಡದ ಸಾರವನ್ನು ಲ್ಯಾಬ್‌ನಲ್ಲಿ ಡಿಪಿಪಿಎಚ್ ಅನ್ನುವ ನೇರಳೆ ಬಣ್ಣದ ದ್ರಾವಣಕ್ಕೆ ಹಾಕುತ್ತಾರೆ, ಅದು ಹಳದಿಯಾದರೆ ಆಂಟಿಆಕ್ಸಿಡೆಂಟ್ ಇದೆ ಅಂತ ಲೆಕ್ಕ. ಈ ಪರೀಕ್ಷೆಯಲ್ಲಿ ನಮ್ಮ ಫಿಲ್ಟರ್ ಕಾಫಿ ಡಿಕಾಕ್ಷನ್ನೂ ಫಸ್ಟ್ ಕ್ಲಾಸಲ್ಲಿ ಪಾಸಾಗುತ್ತದೆ. ಪರೀಕ್ಷಾ ನಳಿಕೆಯಲ್ಲಿ ಕರುಳಿಲ್ಲ, ಲಿವರ್ ಇಲ್ಲ. ಒಗರು ಕೊಡುವ ಪಾಲಿಫಿನಾಲ್‌ಗಳಲ್ಲಿ ಬಹಳಷ್ಟು ನೇರವಾಗಿ ರಕ್ತಕ್ಕೆ ಸೇರುವುದೇ ಇಲ್ಲ, ಕರುಳಿನ ಬ್ಯಾಕ್ಟೀರಿಯಾ ಅವನ್ನು ಒಡೆದು ಬೇರೇನೋ ಮಾಡುತ್ತವೆ. ಮೇಲಾಗಿ ದೇಹಕ್ಕೆ ಸ್ವಲ್ಪ ಕಿಡಿ ಬೇಕೇ ಬೇಕು, ಬಿಳಿ ರಕ್ತಕಣಗಳು ರೋಗಾಣುಗಳನ್ನು ಸುಡುವುದೇ ಅದರಿಂದ.

ಫಿನ್‌ಲ್ಯಾಂಡಿನಲ್ಲಿ ಸಿಗರೇಟು ಸೇದುವ 29,000ಕ್ಕೂ ಜಾಸ್ತಿ ಗಂಡಸರ ಮೇಲೆ ಇದನ್ನು ದೊಡ್ಡದಾಗಿಯೇ ಪರೀಕ್ಷಿಸಿದರು. ಬೀಟಾ ಕೆರೋಟಿನ್ ಅನ್ನುವ ಆಂಟಿಆಕ್ಸಿಡೆಂಟ್ ಮಾತ್ರೆ ಕೊಟ್ಟರೆ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುತ್ತದೆ ಅನ್ನುವುದು ಅವರ ನಿರೀಕ್ಷೆ. 1994ರಲ್ಲಿ ಲೆಕ್ಕ ನೋಡಿದರೆ ಮಾತ್ರೆ ತಿಂದವರಲ್ಲಿ ಕ್ಯಾನ್ಸರ್ ಶೇ. 18ರಷ್ಟು ಜಾಸ್ತಿಯಾಗಿತ್ತು.

ಗಿಡ ನಿಜವಾಗಿ ಯಾವುದು ಅನ್ನುವುದೂ ಸಣ್ಣ ಪ್ರಶ್ನೆ ಅಲ್ಲ. ಕೊರೊನಾ ಕಾಲದಲ್ಲಿ ಅಮೃತಬಳ್ಳಿ ಕಷಾಯ ಕುಡಿದ ಕೆಲವರ ಲಿವರ್ ಕೆಟ್ಟಿತು ಅಂತ 2021ರಲ್ಲಿ ಮುಂಬೈಯ ವೈದ್ಯರು ವರದಿ ಮಾಡಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ಅದೇ ಥರ ಕಾಣುವ ಇನ್ನೊಂದು ಬಳ್ಳಿ ಇರಬಹುದು ಅಂದಿತು. ಯಾರ ಮಾತು ಸರಿಯಾದರೂ ಬೇಲಿಯಿಂದ ಬಳ್ಳಿ ಕಿತ್ತು ಕುದಿಸಿದವರಿಗೆ ಅದರಿಂದ ಸಮಾಧಾನ ಇಲ್ಲ. ಡಬ್ಬಿ ಕೊಂಡರೆ ನಿಶ್ಚಿಂತೆ ಅನ್ನೋಣವೆಂದರೆ, ಇಂಟರ್‌ನೆಟ್‌ನಲ್ಲಿ ಮಾರುವ 193 ಆಯುರ್ವೇದ ಔಷಧಿಗಳನ್ನು ಅಮೆರಿಕದಲ್ಲಿ ತರಿಸಿ ಪರೀಕ್ಷಿಸಿದಾಗ ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಅದು 2008ರ ವರದಿ.

ದೊಡ್ಡಪ್ಪನಿಗೆ ಗಲೇಗಾ ಗಿಡದ ಕಥೆ ಹೇಳಿದೆ. "ಹಂಗಾದ್ರೆ ನಾನು ನುಂಗೋ ಮಾತ್ರೆನೂ ಸೊಪ್ಪೇ ಅನ್ನು" ಅಂದರು. ಸೊಪ್ಪಿನ ಮೊಮ್ಮಗ ಅಂದೆ, ಒಂದೊಂದರಲ್ಲೂ ಕರಾರುವಾಕ್ಕಾಗಿ 500 ಮಿಲಿಗ್ರಾಂ ಇರುವ ಮೊಮ್ಮಗ. ಅವರು ಹಾಗಲ ರಸ ಬಿಡಲಿಲ್ಲ. ಆದರೆ ಖಾಲಿ ಹೊಟ್ಟೆಯಲ್ಲಿ ಕುಡಿಯುವುದು ಬಿಟ್ಟರು, ವಾಕಿಂಗ್‌ಗೆ ಹೋಗುವಾಗ ಜೇಬಲ್ಲಿ ನಾಲ್ಕು ಪೆಪ್ಪರ್‌ಮಿಂಟ್ ಇಟ್ಟುಕೊಳ್ಳುತ್ತಾರೆ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಡಾಕ್ಟರ್ ಗ್ಲಿಮೆಪಿರೈಡನ್ನು ಅರ್ಧಕ್ಕೆ ಇಳಿಸಿದರು, ಯಾಕಂದರೆ ಶುಗರ್ ಬರೆದಿಡುವ ಡೈರಿಯಲ್ಲಿ ಮಾತ್ರೆಗಳ ಕೆಳಗೆ ಈಗ ಇನ್ನೊಂದು ಸಾಲು ಇದೆ, ದೊಡ್ಡಪ್ಪನ ಗುಂಡು ಅಕ್ಷರದಲ್ಲಿ: ಹಾಗಲ ರಸ, ಅರ್ಧ ಲೋಟ, ತಿಂಡಿ ಆದ ಮೇಲೆ.