ಆ 60 ಸುತ್ತು ಎಲ್ಲಿ ಹೋಯ್ತು?

ಬದಿಯಡ್ಕದ ಕಡೆ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿರುವ ಹಳೆಯ ವಿದ್ಯಾರ್ಥಿಯೊಬ್ಬ ನನಗಿದ್ದಾನೆ. ಹತ್ತನೇ ಕ್ಲಾಸಿಗೆ ಓದು ಬಿಟ್ಟವನು. ಅಡಿಕೆ ತೋಟಕ್ಕೆ ನೀರು ಬಿಡುವ ತಿಂಗಳುಗಳಲ್ಲಿ ಅವನ ಅಂಗಡಿಯ ಮುಂದೆ ಸುಟ್ಟ ಪಂಪುಗಳದ್ದೇ ಸಾಲು. ಕಳೆದ ಬೇಸಿಗೆಯಲ್ಲಿ ಅಲ್ಲಿ ಹೋಗಿ ಕೂತಿದ್ದೆ. ಒಂದು ಮೋಟಾರಿನ ನೇಮ್‌ಪ್ಲೇಟ್ ಒರೆಸಿ ನನ್ನ ಮುಂದೆ ಹಿಡಿದ.

"ಮಾಷ್ಟ್ರೇ, ಇದರಲ್ಲಿ ನಿಮಿಷಕ್ಕೆ 1440 ಸುತ್ತು ಅಂತ ಉಂಟು. ಲೆಕ್ಕ ಹಾಕಿದ್ರೆ 1500 ಬರ್ಬೇಕು. ಆ 60 ಸುತ್ತು ಎಲ್ಲಿ ಹೋಯ್ತು? ಬೇರಿಂಗಲ್ಲಿ ಉಜ್ಜಿ ಹೋಗ್ತದಾ?"

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡದಲ್ಲಿ ಭೌತಶಾಸ್ತ್ರ ಹೇಳಿಕೊಟ್ಟಿದ್ದೇನೆ. ಇಷ್ಟು ಚಂದದ ಪ್ರಶ್ನೆ ಕ್ಲಾಸಿನಲ್ಲಿ ಒಬ್ಬರೂ ಕೇಳಿರಲಿಲ್ಲ.

ಅವನ ಲೆಕ್ಕ ಸರಿಯೇ. ನಮ್ಮ ಲೈನಿನ ಕರೆಂಟು 50 ಹರ್ಟ್ಸ್. ಅಂದರೆ ಸೆಕೆಂಡಿಗೆ 50 ಸಲ ಹೋಗಿ ಬರುತ್ತದೆ. ನಾಲ್ಕು ಪೋಲಿನ, ಅಂದರೆ ನಾಲ್ಕು ಅಯಸ್ಕಾಂತ ಧ್ರುವಗಳ ಮೋಟಾರಿನಲ್ಲಿ ಸ್ಟೇಟರಿನ (ಅಲುಗದೆ ನಿಂತ ಹೊರಭಾಗದ) ಕಾಯಿಲುಗಳೆಲ್ಲ ಸೇರಿ ಒಂದು ಅಯಸ್ಕಾಂತ ಕ್ಷೇತ್ರವನ್ನು ನಿಮಿಷಕ್ಕೆ 1500 ಸಲ ಸುತ್ತಿಸುತ್ತವೆ. ಎರಡು ಪೋಲಿನದ್ದಾದರೆ 3000. ಅದರ ನೇಮ್‌ಪ್ಲೇಟಿನಲ್ಲಿ 2880ರ ಆಸುಪಾಸು ಬರೆದಿರುತ್ತದೆ. ಅಲ್ಲೂ ಸ್ವಲ್ಪ ಕಮ್ಮಿ.

ಇನ್ನು ಒಳಗೆ ತಿರುಗುವ ಭಾಗ, ರೋಟರ್, ನೋಡಿ. ಅದಕ್ಕೆ ಹೊರಗಿನಿಂದ ಒಂದು ವಯರೂ ಇಲ್ಲ. ಒಳಗೆ ಅಲ್ಯೂಮಿನಿಯಂ ಸರಳುಗಳ ಪಂಜರ, ಅಷ್ಟೇ. ಆದರೂ ತಿರುಗಬೇಕಾದರೆ ಅದರಲ್ಲಿ ಕರೆಂಟು ಹುಟ್ಟಬೇಕು; ಕ್ಷೇತ್ರ ತಳ್ಳುವುದು ಆ ಕರೆಂಟನ್ನೇ. 1831ರಲ್ಲಿ ಫ್ಯಾರಡೆ ಕಂಡುಕೊಂಡದ್ದು ಇದನ್ನೇ: ಲೋಹದ ಸುರುಳಿಯ ಪಾಲಿಗೆ ಅಯಸ್ಕಾಂತ ಕ್ಷೇತ್ರ ಬದಲಾಗುತ್ತಾ ಇದ್ದರೆ ಮಾತ್ರ ಅದರಲ್ಲಿ ಕರೆಂಟು ಹುಟ್ಟುತ್ತದೆ.

"ಈಗ ಆ ರೋಟರಿನ ಮೇಲೆ ಒಂದು ಇರುವೆ ಕೂತಿದೆ ಅಂತ ಇಟ್ಕೋ," ಅಂದೆ. "ಕ್ಷೇತ್ರ 1500 ಸುತ್ತುತ್ತದೆ. ಇರುವೆಯೂ 1500 ಸುತ್ತಿದರೆ ಅದಕ್ಕೆ ಏನು ಕಾಣ್ತದೆ?"

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. "ಕ್ಷೇತ್ರ ನಿಂತೇ ಇರ್ತದೆ."

"ನಿಂತದ್ದು ಬದಲಾಗ್ತದಾ?"

"ಇಲ್ಲ. ಹಾಗಾದ್ರೆ ಕರೆಂಟೂ ಇಲ್ಲ. ತಳ್ಳಾಟವೂ ಇಲ್ಲ!"

ಆ 60 ಕಳೆದುಹೋದದ್ದಲ್ಲ. ಆ 60 ಹಿಂದೆ ಬಿದ್ದದ್ದರಿಂದಲೇ ಮೋಟಾರು ನೀರೆತ್ತುತ್ತದೆ. ಭಾರ ಹೆಚ್ಚಾದರೆ ರೋಟರ್ ಇನ್ನೂ ಸ್ವಲ್ಪ ಹಿಂದೆ ಬೀಳುತ್ತದೆ, ಕರೆಂಟು ಹೆಚ್ಚುತ್ತದೆ, ತಳ್ಳುವ ಬಲವೂ ಹೆಚ್ಚುತ್ತದೆ. ಭಾರವೇ ಇಲ್ಲದೆ ಸುಮ್ನೆ ತಿರುಗಿಸಿದರೆ 1500ರ ಹತ್ತಿರಕ್ಕೆ ಹೋಗುತ್ತದೆ. ಎಲೆಯೋ ಕಲ್ಲೋ ಸಿಕ್ಕಿ ಜಾಮ್ ಆದರೆ? ಇರುವೆಗೆ ಈಗ ಪೂರ್ತಿ 1500 ಸುತ್ತೂ ಕಾಣುತ್ತದೆ. ಕರೆಂಟು ಐದಾರು ಪಟ್ಟು ಏರುತ್ತದೆ. ಆಮೇಲೆ ಕಾಯಿಲಿನ ವಾರ್ನಿಷ್ ಸುಟ್ಟ ವಾಸನೆಯ ಬಗ್ಗೆ ಅವನಿಗೆ ನಾನು ಹೇಳಬೇಕಾಗಿರಲಿಲ್ಲ.

ಇಲ್ಲಿಗೆ ಎದ್ದು ಬರಬಹುದಿತ್ತು. ಆದರೆ ಅವನು ತಲೆ ಕೆರೆದುಕೊಂಡು, "ಅಂದ್ರೆ ಯಾರು ನಿಜವಾಗಿ ಓಡ್ತಾ ಇದ್ದಾರೆ ಅನ್ನೋದು ಲೆಕ್ಕಕ್ಕೇ ಇಲ್ವಾ?" ಅಂದ. ಗೊತ್ತಿಲ್ಲದೆಯೇ ಐನ್‌ಸ್ಟೈನ್ ಮನೆಯ ಗೇಟು ತೆಗೆದಿದ್ದ.

ಕಾಸರಗೋಡಿನಿಂದ ಮಂಗಳೂರಿಗೆ ಬಸ್ಸಿನಲ್ಲಿ ಹೋಗುವಾಗ ನಾವು ಏನು ಹೇಳುತ್ತೇವೆ? "ಕುಂಬಳೆ ಬಂತು, ಇಳಿ." ಕುಂಬಳೆ ಎಲ್ಲಿಗೂ ಬರಲಿಲ್ಲ, ನಾವೇ ಅಲ್ಲಿಗೆ ಹೋದದ್ದು ಅಂತ ಚಿಕ್ಕವನಿದ್ದಾಗ ನಗುತ್ತಿದ್ದೆ. ಈಗ ನಗುವುದಿಲ್ಲ. ನೆಟ್ಟಗೆ, ಒಂದೇ ವೇಗದಲ್ಲಿ ಹೋಗುವ ಬಸ್ಸಿನೊಳಗೆ ಕೂತವನಿಗೆ ಕುಂಬಳೆಯೇ ಬರುತ್ತಿದೆ. ಅದು ತಪ್ಪು ಅಂತ ತೋರಿಸುವ ಯಾವ ಪ್ರಯೋಗವನ್ನೂ ಬಸ್ಸಿನೊಳಗೆ ಮಾಡಲು ಆಗುವುದಿಲ್ಲ.

ಐನ್‌ಸ್ಟೈನ್ ರಿಲೇಟಿವಿಟಿಯನ್ನು, ಅಂದರೆ ಸಾಪೇಕ್ಷತೆಯನ್ನು, ಮುಂದಿಟ್ಟ 1905ರ ಪ್ರಬಂಧದ ಹೆಸರಿನಲ್ಲಿ ಆ ಮಾತೇ ಇಲ್ಲ. ಚಲಿಸುವ ಕಾಯಗಳ ವಿದ್ಯುತ್ತಿನ ಬಗ್ಗೆ ಅದು. ಶುರುವಾಗುವುದೇ ಒಂದು ಅಯಸ್ಕಾಂತ ಮತ್ತು ಒಂದು ವಾಹಕದಿಂದ. ಅಯಸ್ಕಾಂತವನ್ನು ತಂತಿಯ ಸುರುಳಿಯ ಹತ್ತಿರ ತಂದರೂ, ಸುರುಳಿಯನ್ನು ಅಯಸ್ಕಾಂತದ ಹತ್ತಿರ ತಂದರೂ ಹುಟ್ಟುವ ಕರೆಂಟು ಒಂದೇ. ಆದರೆ ಆಗಿನ ಪುಸ್ತಕಗಳು ಒಂದಕ್ಕೆ ಒಂದು ಕಾರಣ, ಇನ್ನೊಂದಕ್ಕೆ ಬೇರೆಯೇ ಕಾರಣ ಕೊಡುತ್ತಿದ್ದವು. ಫಲ ಒಂದೇ ಆಗಿರುವಾಗ ಕಾರಣ ಎರಡೇಕೆ? ಅವರನ್ನು ಕಾಡಿದ್ದು ಇದು. ಅವರ ಅಪ್ಪ ಮತ್ತು ಚಿಕ್ಕಪ್ಪ ಮ್ಯೂನಿಕ್‌ನಲ್ಲಿ ಡೈನಮೋ ಮಾಡುವ ಕಂಪನಿ ನಡೆಸುತ್ತಿದ್ದರು. ಹುಡುಗ ಬೆಳೆದದ್ದೇ ಕಾಯಿಲುಗಳ ನಡುವೆ ಅಂದಾಗ ನಮ್ಮ ವೈಂಡಿಂಗ್ ಸಾಹೇಬನಿಗೆ ಬಹಳ ಖುಷಿಯಾಯಿತು.

ಒಂದು ಎಚ್ಚರಿಕೆ. ರೋಟರಿನ ಮೇಲಿನ ಇರುವೆ ಕೈ ಹಿಡಿದು ದಾರಿ ತೋರಿಸುತ್ತದೆ, ಪೂರ್ತಿ ನಂಬಬಾರದು. ಸುತ್ತುವುದು ನೆಟ್ಟಗೆ ಹೋದ ಹಾಗಲ್ಲ. ಬಸ್ಸು ತಿರುವು ತೆಗೆದುಕೊಂಡರೆ ಕಣ್ಣು ಮುಚ್ಚಿ ಕೂತವನ ಮೈಯೂ ವಾಲುತ್ತದೆ, ಅಲ್ವಾ? ಇರುವೆಗೂ ತಾನು ಸುತ್ತುತ್ತಿರುವುದು ಗೊತ್ತಾಗುತ್ತದೆ.

ಕಷ್ಟ ಬರುವುದು ಬೆಳಕಿನಲ್ಲಿ. ವಿದ್ಯುತ್ತು ಮತ್ತು ಅಯಸ್ಕಾಂತದ ಬಗ್ಗೆ ಮ್ಯಾಕ್ಸ್‌ವೆಲ್ 1860ರ ದಶಕದಲ್ಲಿ ಬರೆದ ಸಮೀಕರಣಗಳಿಂದ ಬೆಳಕಿನ ವೇಗ ಸಿಗುತ್ತದೆ, ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಯಾರ ಕಣ್ಣಿಗೆ ಈ ವೇಗ? ಎಲ್ಲರ ಕಣ್ಣಿಗೂ, ಅಂದರು ಐನ್‌ಸ್ಟೈನ್. ಬೆಳಕಿಗೆ ಎದುರಾಗಿ ಓಡಿದರೂ ಅಷ್ಟೇ, ಬೆನ್ನು ಹಾಕಿ ಓಡಿದರೂ ಅಷ್ಟೇ. ಇದನ್ನು ಒಪ್ಪಿಕೊಂಡರೆ ಬೇರೆ ಯಾವುದೋ ಸಡಿಲಾಗಬೇಕು. ಸಡಿಲಾದದ್ದು ಗಡಿಯಾರ. ಸುಮ್ನೆ ಕತೆ ಅಂತ ಯಾರಾದರೂ ಅಂದರೆ ಅವರ ಫೋನಿನ ಜಿಪಿಎಸ್ ತೋರಿಸುತ್ತೇನೆ. ಉಪಗ್ರಹಗಳ ಗಡಿಯಾರ ವೇಗದ ಕಾರಣದಿಂದ ದಿನಕ್ಕೆ ಸುಮಾರು 7 ಮೈಕ್ರೋಸೆಕೆಂಡ್ (ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ಒಂದು ಮೈಕ್ರೋಸೆಕೆಂಡ್) ಹಿಂದೆ ಬೀಳುತ್ತದೆ. ಎತ್ತರದಲ್ಲಿ ಭೂಮಿಯ ಸೆಳೆತ ಕಮ್ಮಿ ಇರುವ ಕಾರಣದಿಂದ 45 ಮುಂದೆ ಓಡುತ್ತದೆ. ಒಟ್ಟು 38 ಮುಂದೆ. ಅಷ್ಟರಲ್ಲಿ ಬೆಳಕು 11 ಕಿ.ಮೀ. ದಾಟಿರುತ್ತದೆ; ಫೋನು ದೂರ ಅಳೆಯುವುದು ಉಪಗ್ರಹದ ಸಂಕೇತ ಬರಲು ಹಿಡಿದ ಸಮಯದಿಂದಲೇ. ಈ ಲೆಕ್ಕ ಮೊದಲೇ ಸರಿಮಾಡಿ ಇಟ್ಟಿರುವುದರಿಂದ ಫೋನು ನಮಗೆ ಸರಿಯಾದ ಸ್ಟಾಪಿನಲ್ಲಿ "ಕುಂಬಳೆ ಬಂತು" ಅನ್ನುತ್ತದೆ.

ನಮ್ಮ ಆಡುಮಾತು ಎಲ್ಲ ಕಡೆಯೂ ಇಷ್ಟು ಜಾಣ ಅಲ್ಲ. "ಈ ಪಂಪು ಕರೆಂಟು ಜಾಸ್ತಿ ತಿನ್ತದೆ" ಅನ್ನುತ್ತೇವೆ. ಏನನ್ನೂ ತಿನ್ನುವುದಿಲ್ಲ. ಒಂದು ವಯರಿನಲ್ಲಿ ಬಂದಷ್ಟೂ ಇನ್ನೊಂದರಲ್ಲಿ ವಾಪಸು ಹೋಗುತ್ತದೆ. ಬಿಲ್ಲು ಕಟ್ಟುವುದು ಶಕ್ತಿಗೆ. 1 ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ 1 ಆಂಪಿಯರ್ ಹರಿಯುವಾಗ ಎಲೆಕ್ಟ್ರಾನುಗಳು ಸರಿಯುವ ವೇಗ ಗಂಟೆಗೆ ಒಂದು ಗೇಣಿನಷ್ಟು. ಅದೂ ಬ್ಯಾಟರಿಯ ಕರೆಂಟಾದರೆ. ಮನೆಯ ಲೈನಿನಲ್ಲಿ ಅವು ಆಚೀಚೆ ನಡುಗುತ್ತವೆ, ಕೂದಲಿನ ದಪ್ಪದ ನೂರರಲ್ಲೊಂದು ಪಾಲಿನಷ್ಟು. ಅವನು ಹೋದ ವರ್ಷ ಸುತ್ತಿದ ಕಾಯಿಲಿನ ಎಲೆಕ್ಟ್ರಾನುಗಳು ಹೆಚ್ಚುಕಡಿಮೆ ಅಲ್ಲಲ್ಲೇ ನಡುಗುತ್ತಾ ಇವೆ.

ಚಹಾ ಬಂತು. ಮೂಲೆಯ ಮಣ್ಣಿನ ಗಡಿಗೆಯಿಂದ ನೀರು ಕೊಟ್ಟ. "ಮಾಷ್ಟ್ರೇ, ರಾಯಚೂರಲ್ಲಿ ನನ್ನ ಭಾವ ಇದ್ದಾನೆ. ಅಲ್ಲಿ ಬಿಸಿಲು ನಮಗಿಂತ ಜಾಸ್ತಿ. ಆದ್ರೂ ಅವನ ಗಡಿಗೆ ನೀರು ನಮ್ಮದಕ್ಕಿಂತ ತಂಪು. ಅಲ್ಲಿನ ಮಣ್ಣಿನ ಗುಣವಾ?"

ಮಣ್ಣಿನದ್ದಲ್ಲ, ಗಾಳಿಯದ್ದು. ಗಡಿಗೆಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನಿಂದ ಶಾಖ ಎತ್ತಿಕೊಂಡು ಹೋಗುತ್ತದೆ. 1 ಗ್ರಾಂ ಆವಿಯಾದರೆ ಅರ್ಧ ಕಿಲೋಗಿಂತ ಜಾಸ್ತಿ ನೀರು 1 ಡಿಗ್ರಿ ತಂಪಾಗುತ್ತದೆ. ಆದರೆ ನಮ್ಮ ಕರಾವಳಿಯ ಗಾಳಿಯಲ್ಲಿ ಮೊದಲೇ ತೇವ ತುಂಬಿದೆ. ಹೋದ ಆವಿಯಲ್ಲಿ ಬಹುಪಾಲು ವಾಪಸು ಬಂದು ಕೂರುತ್ತದೆ. ಗಾಳಿ 42 ಡಿಗ್ರಿ ಇದ್ದು ತೇವಾಂಶ ಶೇಕಡಾ 20 ಇದ್ದರೆ ನೀರು ಸುಮಾರು 24ರವರೆಗೆ ಇಳಿಯಬಹುದು. ಗಾಳಿ 33 ಇದ್ದು ತೇವಾಂಶ 70 ಇದ್ದರೆ 28ಕ್ಕೇ ನಿಲ್ಲುತ್ತದೆ. ಬಿಸಿಲಿಗೂ ಸೆಕೆಗೂ ಬೇರೆ ಬೇರೆ ಮಾತು ಇಟ್ಟುಕೊಂಡವರು ನಾವು. ಇದು ಸೆಕೆಯ ಲೆಕ್ಕ. ನಮ್ಮ ಬೆವರಿನದ್ದೂ ಇದೇ ಪಾಡು.

"ಫ್ಯಾನಿನ ಎದುರು ಇಟ್ರೆ?"

"28ಕ್ಕೆ ಬೇಗ ಬರ್ತದೆ. ಅದರಿಂದ ಕೆಳಗೆ ಇಳಿಯುವುದಿಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದ. "ಫ್ಯಾನಿನ ಮೋಟಾರೂ ಬಿಸಿ ಬಿಡ್ತದಲ್ಲ ಮಾಷ್ಟ್ರೇ. ಹಾಗೆ ನೋಡಿದ್ರೆ ಫ್ರಿಜ್ಜು ಕೂಡ ಒಳಗಿನ ಬಿಸಿಯನ್ನು ಹೊರಗೆ ಹಾಕುವ ಪಂಪು. ಅದರ ಮೋಟಾರಿನ ಬಿಸಿಯೂ ಸೇರ್ತದೆ. ಬಾಗಿಲು ತೆಗೆದಿಟ್ರೆ ಕೋಣೆ ತಂಪಾಗುವ ಬದಲು ಬಿಸಿಯೇ ಆಗ್ಬೇಕಲ್ಲ?"

"ಆಗ್ತದೆ," ಅಂದೆ. "ಮನೆಗೆ ಹೋದ್ಮೇಲೆ ಫ್ರಿಜ್ಜಿನ ಹಿಂದೆ ಕೈ ಇಟ್ಟು ನೋಡು."