ಗೀಸರ್ ಸೋರುವಾಗ ಜಾಗಕ್ಕಿಂತ ಮೊದಲು ಹೊತ್ತನ್ನು ನೋಡಿ

ಬಚ್ಚಲುಮನೆಯ ಗೀಸರಿನ ತಳದಿಂದ ನೀರು ತೊಟ್ಟಿಕ್ಕತೊಡಗಿದರೆ ಮನೆಯವರು ಮೊದಲು ತೋರಿಸುವುದು ಹನಿ ಬೀಳುವ ಜಾಗವನ್ನು. ರಿಪೇರಿಗೆ ಹೋಗುವ ನಮಗೆ ಅದಕ್ಕಿಂತ ಮುಖ್ಯವಾಗಿ ಬೇಕಾದದ್ದು ಹನಿ ಬೀಳುವ ಹೊತ್ತು. ಒಳಗಿನ ಟ್ಯಾಂಕಿಗೂ ಹೊರಗಿನ ಕವಚಕ್ಕೂ ನಡುವೆ ಶಾಖ ಹಿಡಿದಿಡುವ ಫೋಮ್ ತುಂಬಿರುವುದರಿಂದ, ಮೇಲೆಲ್ಲೋ ಒಸರಿದ ನೀರು ಅದರ ಸಂದಿಯಲ್ಲಿಳಿದು ಕವಚದ ತೀರ ತಗ್ಗಾದ ರಂಧ್ರದಿಂದ ಹೊರಬೀಳುತ್ತದೆ. ಬಿಸಿಯಾಗುವಾಗ ಮಾತ್ರ ಸೋರುತ್ತದೆಯೇ, ರಾತ್ರಿಯಿಡೀ ಸೋರುತ್ತದೆಯೇ, ಪ್ರೆಶರ್ ಪಂಪ್ ಓಡುವಾಗ ಹೆಚ್ಚಾಗುತ್ತದೆಯೇ ಎಂಬುದನ್ನು ಒಂದು ದಿನ ಗಮನಿಸಿಟ್ಟರೆ ಹುಡುಕಾಟ ಅರ್ಧ ಮುಗಿದಂತೆ.

ಕೈ ಹಾಕುವ ಮೊದಲು ಸ್ವಿಚ್ ಆರಿಸಿದರೆ ಸಾಲದು, ಮೀಟರ್ ಬೋರ್ಡಿನ ಕಡೆಯ ಎಂಸಿಬಿಯನ್ನೇ (ಆ ಲೈನಿನ ಕರೆಂಟ್ ಕಡಿಯುವ ಸ್ವಿಚ್) ಇಳಿಸಬೇಕು. ಗೋಡೆಗೆ ನಿಲ್ಲಿಸಿ ಕೂರಿಸುವ ಗೀಸರುಗಳಲ್ಲಿ ನೀರು ಕಾಯಿಸುವ ಕಾಯಿಲ್‌ಗೆ ತಂತಿ ಸೇರುವುದು ತಳದಲ್ಲಿ, ಅಂದರೆ ಸೋರಿದ ನೀರು ಬಂದು ನಿಲ್ಲುವಲ್ಲಿಯೇ. ಗೀಸರ್ ಹಾಕಿದೊಡನೆ, ವಿದ್ಯುತ್ ಸೋರಿದರೆ ತಾನೇ ಕರೆಂಟ್ ಕಡಿಯುವ ಆರ್‌ಸಿಸಿಬಿ ಬೀಳುತ್ತಿದ್ದರೆ ಅದನ್ನು ಮತ್ತೆ ಮತ್ತೆ ಎತ್ತಿ ನೋಡುವ ಪ್ರಯೋಗ ಬೇಡ.

ಬಿಸಿಯಾಗುವಾಗ ಮಾತ್ರ ಬೀಳುವ ಹನಿ ಬಹುಪಾಲು ಸೋರಿಕೆಯೇ ಅಲ್ಲ. 20 ಡಿಗ್ರಿಯ ನೀರನ್ನು 65 ಡಿಗ್ರಿಗೆ ಕಾಯಿಸಿದರೆ ಅದರ ಗಾತ್ರ ಶೇಕಡ 2ರ ಹತ್ತಿರ ಹಿಗ್ಗುತ್ತದೆ. 25 ಲೀಟರ್ ಟ್ಯಾಂಕಿನಲ್ಲಿ ಇದು 400 ಮಿಲಿಲೀಟರ್‌ಗೂ ಹೆಚ್ಚು. ತಣ್ಣೀರು ಒಳಬರುವಲ್ಲಿ ಕೂರಿಸಿರುವ ಸೇಫ್ಟಿ ವಾಲ್ವ್ ಈ ನೀರನ್ನು ಹಿಂದಕ್ಕೆ ಹೋಗಲು ಬಿಡುವುದಿಲ್ಲ, ಒತ್ತಡ ಮಿತಿ ಮೀರಿದಾಗ ತನ್ನ ಸಣ್ಣ ಮೂತಿಯಿಂದ ಹೊರಚೆಲ್ಲುತ್ತದೆ. ಬಿಸಿನೀರಿನ ನಲ್ಲಿ ಬದಲಾಯಿಸಿದ ಮರುದಿನವೇ ಗೀಸರ್ ಕೆಟ್ಟಿತೆಂದು ಕರೆಯುವವರುಂಟು. ಹಳೆಯ ನಲ್ಲಿ ತೊಟ್ಟಿಕ್ಕುತ್ತಾ ಆ ಹೆಚ್ಚುವರಿ ನೀರಿಗೆ ದಾರಿ ಕೊಟ್ಟಿತ್ತು. ಹೊಸ ನಲ್ಲಿ ಬಿಗಿಯಾಗಿ ಮುಚ್ಚಿದ್ದರಿಂದ ವಾಲ್ವ್ ತನ್ನ ಕೆಲಸವನ್ನು ಆರಂಭಿಸಿತು, ಅಷ್ಟೇ. ಆ ಮೂತಿಗೆ ತೆಳುವಾದ ಪೈಪ್ ಸಿಕ್ಕಿಸಿ ತುದಿಯನ್ನು ಬಚ್ಚಲಿನ ಕಡೆಗೆ ತೆರೆದು ಬಿಟ್ಟರೆ ಸಾಕು. ಹನಿ ನಿಲ್ಲಿಸಲೆಂದು ಮೂತಿಗೆ ಬಿರಡೆ ಜಡಿಯುವುದು, ವಾಲ್ವನ್ನೇ ತೆಗೆದು ಬರೀ ನಿಪ್ಪಲ್ (ಜೋಡಣೆಯ ತುಂಡು ಕೊಳವೆ) ಹಾಕುವುದು ನಮ್ಮ ಕಸುಬಿನಲ್ಲಿ ಕಾಣುವ ಅತ್ಯಂತ ಅಪಾಯಕಾರಿ ರಿಪೇರಿ, ಏಕೆಂದರೆ ಕಾವನ್ನು ಮಿತಿಯಲ್ಲಿಡುವ ಥರ್ಮೋಸ್ಟಾಟ್ ಕೈಕೊಟ್ಟ ದಿನ ಟ್ಯಾಂಕ್ ಸಿಡಿಯದಂತೆ ತಡೆಯುವ ಕೊನೆಯ ಕಾವಲು ಆ ವಾಲ್ವ್.

ಆದರೆ ಗೀಸರ್ ತಣ್ಣಗಿರುವಾಗಲೂ ವಾಲ್ವ್ ಸುರಿಯುತ್ತಲೇ ಇದ್ದರೆ ವಿಷಯ ಬೇರೆ. ಹತ್ತು ಮೀಟರ್ ಎತ್ತರದ ನೀರಿನ ಒತ್ತಡ ಸುಮಾರು 1 ಬಾರ್. ಒಂದು ಮಹಡಿಯ ಮನೆಯ ತಾರಸಿಯ ಟ್ಯಾಂಕಿನಿಂದ ಬರುವ ನೀರಿಗೆ ಅಷ್ಟೂ ಇರುವುದಿಲ್ಲ, ವಾಲ್ವ್ ತೆರೆದುಕೊಳ್ಳುವ ಮಿತಿ ಅದಕ್ಕಿಂತ ಬಹಳ ಮೇಲಿರುತ್ತದೆ. ಅಂಥ ಮನೆಯಲ್ಲಿ ವಾಲ್ವ್ ಸುರಿದರೆ ಅದರ ಒಳಗೆ ಸುಣ್ಣದ ಹರಳೋ ಮರಳೋ ಸಿಕ್ಕಿದೆ ಎಂದರ್ಥ. ವಾಲ್ವಿನ ಮೇಲಿರುವ ಪುಟ್ಟ ಸನ್ನೆಯನ್ನು (ಲಿವರ್) ನಾಲ್ಕಾರು ಸಲ ಎತ್ತಿ ಬಿಟ್ಟು ನೀರು ಹಾಯಿಸಿ. ನಿಲ್ಲದಿದ್ದರೆ ಹೊಸ ವಾಲ್ವ್ ಹಾಕಿಸಿ. ಇಪ್ಪತ್ತು ಮಹಡಿಯ ಅಪಾರ್ಟ್‌ಮೆಂಟಿನ ಕೆಳಗಿನ ಮನೆಗಳಲ್ಲಿ ಮಾತ್ರ, ನೀರಿನ ಕೊಳವೆಯಲ್ಲಿ ಒತ್ತಡ ತಗ್ಗಿಸುವ ವಾಲ್ವ್ ಸರಿಯಿದೆಯೇ ಎಂದು ಮೊದಲು ಕೇಳಬೇಕು.

ವಾಲ್ವ್ ನಿರಪರಾಧಿಯಾದರೆ ಮುಂದಿನದು ಕನೆಕ್ಷನ್ ಪೈಪುಗಳು. ಎಲ್ಲವನ್ನೂ ಒಣಬಟ್ಟೆಯಿಂದ ಒರೆಸಿ, ಒಂದೊಂದು ಜೋಡಣೆಗೂ ಟಿಶ್ಯೂ ಸುತ್ತಿ ಒಂದು ಗಂಟೆ ಬಿಡಿ. ಒದ್ದೆಯಾದವುಗಳಲ್ಲಿ ಎಲ್ಲಕ್ಕಿಂತ ಮೇಲಿನದು ಯಾವುದೋ ಅದೇ ಮೂಲ. ಈ ಪೈಪಿನ ನಟ್ಟು ನೀರು ತಡೆಯುವುದು ಒಳಗಿನ ವಾಷರಿನಿಂದಲೇ ಹೊರತು ಮರೆಯಿಂದಲ್ಲ (ಥ್ರೆಡ್), ಆದ್ದರಿಂದ ಅಲ್ಲಿ ಎಷ್ಟು ಟೆಫ್ಲಾನ್ ಟೇಪ್ ಸುತ್ತಿದರೂ ಪ್ರಯೋಜನವಿಲ್ಲ. ವಾಷರ್ ಬದಲಿಸಿ, ಗೀಸರಿನ ನಿಪ್ಪಲನ್ನು ಇನ್ನೊಂದು ಸ್ಪ್ಯಾನರಿನಿಂದ ಹಿಡಿದುಕೊಂಡೇ ನಟ್ಟು ಬಿಗಿಯಬೇಕು.

ತಳದ ಮುಚ್ಚಳ ಬಿಚ್ಚಿದಾಗ ಕಾಯಿಲ್ ಕೂರುವ ತಟ್ಟೆಯ ಅಂಚಿನಲ್ಲಿ ಬಿಳಿಯ ಸುಣ್ಣದ ಗೆರೆ ಕಂಡರೆ ಅಲ್ಲಿ ನೀರು ತಡೆಯುವ ರಬ್ಬರ್ ಗ್ಯಾಸ್ಕೆಟ್ ಸೋತಿದೆ. ಬೋರ್‌ವೆಲ್ಲಿನ ಗಡಸು ನೀರು ಒಸರಿ ಆರಿದ ಜಾಗದಲ್ಲೆಲ್ಲ ಈ ಗೆರೆಯನ್ನು ಬಿಟ್ಟುಹೋಗುತ್ತದೆ. ವರ್ಷಗಟ್ಟಲೆ ಶಾಖ ತಿಂದ ಗ್ಯಾಸ್ಕೆಟ್ ಬೆರಳಲ್ಲಿ ಮಡಿಸಿದರೆ ಬಾಗದೆ ಬಿರುಕು ಬಿಡುತ್ತದೆ. ಬೋಲ್ಟು ಇನ್ನಷ್ಟು ಬಿಗಿದರೆ ಅದು ಮೆತ್ತಗಾಗುವುದಿಲ್ಲ. ನೀರು ಬಸಿದು, ಕೂರುವ ಅಂಚನ್ನು ಸುಣ್ಣವಿಲ್ಲದಂತೆ ಕೆರೆದು, ಅದೇ ಮಾದರಿಯ ಹೊಸ ಗ್ಯಾಸ್ಕೆಟ್ ಇಟ್ಟು, ಎದುರುಬದುರಿನ ಬೋಲ್ಟುಗಳನ್ನು ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಹೇಗೂ ಬಿಚ್ಚಿದ ಮೇಲೆ ಮೆಗ್ನೀಸಿಯಂ ಆನೋಡ್ ರಾಡನ್ನೂ ನೋಡಿಬಿಡಿ. ಉಕ್ಕಿನ ಟ್ಯಾಂಕಿಗೆ ಬದಲಾಗಿ ತಾನು ಸವೆಯುವುದೇ ಅದರ ಕೆಲಸ. ನಡುವಿನ ತಂತಿ ಕಾಣುವಷ್ಟು ಕರಗಿದ್ದರೆ ಬದಲಿಸಬೇಕು. ಬಳಿಕ ಬಿಸಿನೀರಿನ ನಲ್ಲಿಯಲ್ಲಿ ಗಾಳಿ ಬೆರೆಯದ ಧಾರೆ ಬರುವವರೆಗೂ ವಿದ್ಯುತ್ ಕೊಡಬಾರದು, ನೀರಿಲ್ಲದೆ ಕಾಯಿಲ್ ಸುಟ್ಟುಹೋಗುತ್ತದೆ.

ಗ್ಯಾಸ್ಕೆಟ್ಟೂ ಜೋಡಣೆಗಳೂ ಒಣಗಿದ್ದು, ಫೋಮಿನೊಳಗಿನಿಂದ ತುಕ್ಕುಬಣ್ಣದ ನೀರು ಇಳಿಯುತ್ತಿದ್ದರೆ ಟ್ಯಾಂಕೇ ತೂತಾಗಿದೆ. ಬೆಸುಗೆ ಹಾಕಿದರೆ ಒಳಗಿನ ಗಾಜಿನ ಲೇಪ ಸುಟ್ಟು ಪಕ್ಕದಲ್ಲೇ ಇನ್ನೊಂದು ತೂತು ಬೀಳುತ್ತದೆ, ಹೊರಗಿನಿಂದ ಮೆತ್ತಿದ ಅಂಟು ಒತ್ತಡಕ್ಕೆ ನಿಲ್ಲುವುದಿಲ್ಲ. ಟ್ಯಾಂಕಿನ ವಾರಂಟಿ ಸಾಮಾನ್ಯವಾಗಿ ಉಳಿದ ಭಾಗಗಳದ್ದಕ್ಕಿಂತ ದೀರ್ಘವಾಗಿರುತ್ತದೆ. ಹೊಸ ಗೀಸರ್ ಕೊಳ್ಳಲು ಹೊರಡುವ ಮೊದಲು ಹಳೆಯ ಬಿಲ್ಲನ್ನು ಹುಡುಕಿ ನೋಡಿ.