ಗುಂಡಿ ಹಾಕುವುದು ಯಾರು?

ನಾನು ಆಕ್ಯುಪೇಷನಲ್ ಥೆರಪಿಸ್ಟ್. ಸ್ನಾನ, ಊಟ, ಬಟ್ಟೆಯಂಥ ದಿನದಿನದ ಕೆಲಸಗಳನ್ನು ಜನ ಮತ್ತೆ ತಾವೇ ಮಾಡಿಕೊಳ್ಳುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ಕೈಕಾಲು ಸರಿಯಾಗಿ ಆಡದವರಿಗೆ ಎಂಥ ಬಟ್ಟೆ ತರಬೇಕು ಅಂತ ಮನೆಯವರು ಕೇಳಿದಾಗ ನಾನು ತಿರುಗಿ ಕೇಳುತ್ತೇನೆ: ಹಾಕಿಕೊಳ್ಳುವುದು ಅವರೇನಾ, ಇಲ್ಲ ಹಾಕಿಸುವುದು ನೀವಾ?

ಹಿಂದೆ ತೆರೆಯುವ ಅಂಗಿಯನ್ನೇ ನೋಡಿ. ಮುಂದಿನಿಂದ ಮಾಮೂಲಿ ಶರ್ಟು. ಬೆನ್ನ ಕಡೆ ಮಾತ್ರ ಎರಡು ಭಾಗ ಒಂದರ ಮೇಲೊಂದು ಬರುತ್ತವೆ, ಭುಜದ ಹತ್ತಿರ ಟಿಚ್ ಬಟನ್. ಮಲಗಿದವರ ಎರಡೂ ಕೈಗೆ ಮುಂದಿನಿಂದ ತೋಳು ಏರಿಸಿ, ಹಿಂದೆ ಕೂಡಿಸಿದರೆ ಆಯಿತು. ಕೈ ತಿರುಚಬೇಕಿಲ್ಲ, ಹಾಕಿಸುವವರ ಸೊಂಟವೂ ಉಳಿಯುತ್ತದೆ. ಆದರೆ ಒಂದು ಕೈ ಚೆನ್ನಾಗಿ ಆಡುವವರಿಗೆ ಇದನ್ನೇ ಕೊಟ್ಟರೆ? ಕೈಗೆ ಎಟುಕುತ್ತಿದ್ದ ಗುಂಡಿಯನ್ನು ಎಟುಕದ ಜಾಗಕ್ಕೆ ಒಯ್ದಂತಾಯಿತು. ನಿನ್ನೆವರೆಗೆ ತಾವೇ ಹಾಕಿಕೊಳ್ಳುತ್ತಿದ್ದವರು ಇವತ್ತಿನಿಂದ ಇನ್ನೊಬ್ಬರಿಗೆ ಕಾಯಬೇಕು.

ಲಕ್ವ ಹೊಡೆದ ಎಷ್ಟೋ ಜನರಿಗೆ ಮುಂದೆ ತೆರೆಯುವ, ಕಂಕುಳಲ್ಲಿ ಸಡಿಲವಾದ ಅಂಗಿ ಸಾಕು. ಸೋತ ಕೈಗೆ ಮೊದಲು ತೋಳು ಏರಿಸಿ, ಬಿಚ್ಚುವಾಗ ಅದನ್ನು ಕೊನೆಗೆ ಬಿಡಿಸಿ. ಉಲ್ಟಾ ಮಾಡಿದರೆ ಇಕ್ಕಟ್ಟಾದ ಬಟ್ಟೆಯೊಳಗೆ ಸೋತ ಕೈಯನ್ನು ಎಳೆಯಬೇಕಾಗುತ್ತದೆ. ಬಲವಿಲ್ಲದ ಭುಜದ ಕೀಲು ಆ ಎಳೆತ ತಡೆಯುವುದಿಲ್ಲ.

ಗುಂಡಿ ಕಷ್ಟ ಅಂದ ಕೂಡಲೇ ಎಲ್ಲರ ಬಾಯಲ್ಲೂ ವೆಲ್ಕ್ರೋ. ನಾನೂ ಹಾಗೇ ಇದ್ದೆ. ಕೈ ನಡುಗಿ ಬಿಗಿಯಾಗುವ ಪಾರ್ಕಿನ್ಸನ್ ಕಾಯಿಲೆ ಇದ್ದ ಹಿರಿಯರೊಬ್ಬರ ಶರ್ಟಿನ ಗುಂಡಿಗಳನ್ನು ಕೀಳಿಸಿ, ಕಾಜದ ಮೇಲೆ ಸುಮ್ನೆ ತೋರಿಕೆಗೆ ಹೊಲಿಸಿ, ಒಳಗೆ ವೆಲ್ಕ್ರೋ ಇಡಿಸಿದೆ. ನೋಡಿದವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ವಾರ ಬಿಟ್ಟು ಬಂದರು, ಹಳೇ ಶರ್ಟಿನಲ್ಲೇ. "ಅಂಟಿಸೋದು ಸಲೀಸು, ಕೀಳೋಕೇ ಆಗಲ್ಲ" ಅಂದರು. ಹೌದಲ್ವಾ! ಕೀಳಲು ಅಂಚನ್ನು ಬೆರಳ ತುದಿಯಲ್ಲಿ ಹಿಡಿದು ಎಳೆಯಬೇಕು. ಅವರ ಬೆರಳಲ್ಲಿ ಇಲ್ಲದ್ದೇ ಆ ಬಲ. ಜೊತೆಗೆ ನಾಲ್ಕು ಜನರ ಎದುರು 'ಪರ್ರ್' ಅನ್ನುವ ಸದ್ದು ಬೇರೆ. ನಾಯಿಯ ಮೈಗೆ ಕಚ್ಚಿಕೊಂಡ ಮುಳ್ಳುಕಾಯಿ ನೋಡಿ 1941ರಲ್ಲಿ ಸ್ವಿಸ್ ಎಂಜಿನಿಯರ್ ಜಾರ್ಜ್ ಡಿ ಮೆಸ್ಟ್ರಲ್‌ಗೆ ಹೊಳೆದ ವಸ್ತು ಇದು. ಮುಳ್ಳುಕಾಯಿಯ ಗುಣ ಇನ್ನೂ ಬಿಟ್ಟಿಲ್ಲ: ಮುಚ್ಚದೆ ಒಗೆದರೆ ದಾರ, ಕೂದಲು ಎಲ್ಲ ಹಿಡಿದುಕೊಂಡು ಕೂರುತ್ತದೆ.

ಆಮೇಲೆ ಆಯಸ್ಕಾಂತದ ಗುಂಡಿ ಯೋಚಿಸಿದೆವು. ಹತ್ತಿರ ತಂದರೆ ತಾವೇ ಕೂಡಿಕೊಳ್ಳುತ್ತವೆ. ಆದರೆ ಅವರ ಎದೆಯಲ್ಲಿ ಪೇಸ್‌ಮೇಕರ್ ಇತ್ತು. ಆಯಸ್ಕಾಂತ ಅದರಿಂದ ಕನಿಷ್ಠ 15 ಸೆಂಟಿಮೀಟರ್ ದೂರ ಇರಬೇಕು. ಎದೆಯ ಮೇಲಿನ ಗುಂಡಿಸಾಲು ಅಷ್ಟು ದೂರ ಎಲ್ಲಿರುತ್ತದೆ? ಕೊನೆಗೆ ಒಂದಳತೆ ದೊಡ್ಡ ಶರ್ಟು ತಂದು, ಮೇಲಿನ ಎರಡು ಗುಂಡಿ ಬಿಟ್ಟು ಉಳಿದವನ್ನು ಹಾಕಿದಂತೆಯೇ ಹೊಲಿಸಿಬಿಟ್ಟೆವು. ಟೀ ಶರ್ಟಿನಂತೆ ತಲೆ ಮೇಲಿಂದ ಹಾಕಿಕೊಳ್ಳತೊಡಗಿದರು. ತೋಳಿನ ಗುಂಡಿಯನ್ನು ಎಲಾಸ್ಟಿಕ್ ದಾರದಲ್ಲಿ ಹೊಲಿದರೆ ಅದನ್ನೂ ಬಿಚ್ಚದೆ ಕೈ ತೂರಿಸಬಹುದು.

ವೀಲ್‌ಚೇರಿನಲ್ಲಿ ದಿನವಿಡೀ ಕೂರುವವರ ಪ್ಯಾಂಟಿನ ಕಥೆಯೇ ಬೇರೆ. ರೆಡಿಮೇಡ್ ಪ್ಯಾಂಟು ನಿಂತವರ ಅಳತೆಯದ್ದು. ಹಾಕಿ ಕೂತರೆ ಹಿಂದೆ ಸೊಂಟ ಜಾರುತ್ತದೆ, ಮುಂದೆ ಬಟ್ಟೆ ಮುದ್ದೆಯಾಗಿ ಹೊಟ್ಟೆ ಒತ್ತುತ್ತದೆ, ಕೆಳಗೆ ಕಾಲು ಗಿಡ್ಡವಾಗುತ್ತದೆ. ನಾವಾದರೆ ಎದ್ದು ಸರಿಮಾಡಿಕೊಳ್ಳುತ್ತೇವೆ. ಅವರಿಗೆ ಹಿಂದೆ ಎತ್ತರ, ಮುಂದೆ ತಗ್ಗು, ಉದ್ದ ಸ್ವಲ್ಪ ಜಾಸ್ತಿ ಬೇಕು. ಅಳತೆ ಕೂರಿಸಿಯೇ ತೆಗೆಯಿರಿ. ಹಿಂಜೇಬು, ಲೋಹದ ರಿವೆಟ್ಟು, ದಪ್ಪ ಹೊಲಿಗೆ ಬೇಡವೇ ಬೇಡ. ಸ್ಪರ್ಶ ಗೊತ್ತಾಗದ ಚರ್ಮದ ಅಡಿ ಒಂದು ಹೊಲಿಗೆಯ ಗಂಟು ಗಂಟೆಗಟ್ಟಲೆ ಒತ್ತಿದರೂ ಅವರಿಗೆ ತಿಳಿಯುವುದಿಲ್ಲ. ರಕ್ತ ಓಡಾಟ ನಿಂತು ಅಲ್ಲೇ ಹುಣ್ಣಾಗುತ್ತದೆ. ರಾತ್ರಿ ಬಟ್ಟೆ ಬಿಚ್ಚಿದಾಗ ಕೂತ ಜಾಗ ನೋಡಿ. ಕಪ್ಪು ಚರ್ಮದಲ್ಲಿ ಕೆಂಪು ಸರಿಯಾಗಿ ಕಾಣದು, ಆದ್ದರಿಂದ ಮುಟ್ಟಿಯೂ ನೋಡಿ. ಸುತ್ತಲಿಗಿಂತ ಬಿಸಿ ಅಥವಾ ಗಟ್ಟಿ ಅನ್ನಿಸಿದರೆ ಆ ಪ್ಯಾಂಟು ಪಕ್ಕಕ್ಕಿಟ್ಟು ವೈದ್ಯರಿಗೆ ತೋರಿಸಿ.

ಇನ್ನೊಂದು ಎಚ್ಚರಿಕೆ. ಬೆನ್ನುಹುರಿಗೆ ಎದೆಭಾಗದ ಆರನೇ ಬೆನ್ನುಮೂಳೆಯ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಲ್ಲಿ ಒಂದು ಬಿಗಿ ಬೆಲ್ಟು ಕೂಡ ರಕ್ತದೊತ್ತಡವನ್ನು ಏಕಾಏಕಿ ಏರಿಸಬಲ್ಲದು. ತಲೆ ಸಿಡಿಯುತ್ತಿದೆ ಅಂದರೆ, ಮುಖ ಕೆಂಪಾಗಿ ಬೆವರಿದರೆ, ನೆಟ್ಟಗೆ ಕೂರಿಸಿ ಬಿಗಿ ಇರುವುದನ್ನೆಲ್ಲ ಸಡಿಲಿಸಿ. ತಕ್ಷಣ ವೈದ್ಯರ ನೆರವು ಪಡೆಯಿರಿ.

ಶೂ ವಿಷಯದಲ್ಲಿ ದೊಡ್ಡ ಕಂಪನಿಯೊಂದನ್ನು ಎಚ್ಚರಿಸಿದ್ದು ಒಬ್ಬ ಹುಡುಗ. ಮಿದುಳಿನ ತೊಂದರೆಯಿಂದ ಕೈಕಾಲಿನ ಹಿಡಿತ ತಪ್ಪುವ ಸೆರೆಬ್ರಲ್ ಪಾಲ್ಸಿ ಇದ್ದ ಮ್ಯಾಥ್ಯೂ ವಾಲ್ಜರ್ 2012ರಲ್ಲಿ ನೈಕಿಗೆ ಪತ್ರ ಬರೆದ. ದೂರದ ಕಾಲೇಜಿಗೆ ಹೋದರೆ ದಿನಾ ಲೇಸ್ ಕಟ್ಟಲು ಯಾರು ಬರುತ್ತಾರೆ ಅನ್ನುವುದು ಅವನ ಚಿಂತೆ. ಹಿಮ್ಮಡಿಯ ಸುತ್ತ ಜಿಪ್ ಇರುವ ಶೂ 2015ರಲ್ಲಿ ಬಂತು. ನಾನು ಕೇಳುವ ಪ್ರಶ್ನೆಯನ್ನೇ ಅವನೂ ಕೇಳಿದ್ದ ನೋಡಿ.

ಕೊನೆಯದಾಗಿ, ಬಟ್ಟೆ ಆರಿಸುವಾಗ ಎಲ್ಲರೂ ಹಾಕುವುದನ್ನೇ ಯೋಚಿಸುತ್ತಾರೆ, ಬಿಚ್ಚುವುದನ್ನಲ್ಲ. ಹಾಕಲು ಕಾಲು ಗಂಟೆ ಹಿಡಿದರೂ ನಡೆಯುತ್ತದೆ. ಟಾಯ್ಲೆಟ್ಟಿಗೆ ಅವಸರವಾದಾಗ ಅಷ್ಟು ಹೊತ್ತು ಎಲ್ಲಿಂದ ತರುವುದು? ಹೊಸ ಪ್ಯಾಂಟು ಬಂದ ದಿನವೇ ಅದನ್ನು ಹಾಕಿ, ಟಾಯ್ಲೆಟ್ಟಿನೊಳಗೆ ಕೂತು, ಒಂದೇ ಕೈಯಲ್ಲಿ ಇಳಿಸಿ ನೋಡಿ. ಬೆರಳು ತೂರಿಸಿ ಎಳೆಯಲು ಒಳಗಡೆ ಸೊಂಟಪಟ್ಟಿಗೆ ಬಟ್ಟೆಯ ಎರಡು ಕುಣಿಕೆ ಹೊಲಿಸಬೇಕೋ ಬೇಡವೋ ಅಲ್ಲೇ ಗೊತ್ತಾಗುತ್ತದೆ.